ಹತ್ತು ನಟ್ಟಿಗೆ ಹತ್ತು ಗೆರೆ

ಸೊಸೆ ಬಡಗಿ, ಮಾವ ಬೋರ್ಡು ಬರೆಯುವವರು. ಎರಡು ವರ್ಷದಿಂದ ಮಾವನ ಕೈ ನಡುಗುತ್ತಿತ್ತು, ಬೋರ್ಡು ಬರೆಸಲು ಯಾರೂ ಬರುತ್ತಿರಲಿಲ್ಲ. ಆದರೆ ಯಾವುದಕ್ಕಾದರೂ ಬಣ್ಣ ಬಳಿಯದೆ ಆ ಮನುಷ್ಯನಿಗೆ ಉಂಡದ್ದು ಅರಗದು. ಕಿಟಕಿ ಆಯಿತು, ಬಕೆಟ್ಟು ಆಯಿತು, ನಾಯಿಯ ತಟ್ಟೆಯೂ ಆಯಿತು. ಈ ವಾರ ಟ್ರೇಲರಿನ ಸರದಿ.

ಅದರಲ್ಲೇ ಅವಳು ಇಪ್ಪತ್ತು ಬೆಂಚು ಸಾಗಿಸಬೇಕಿತ್ತು. ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಮಧ್ಯಾಹ್ನ ಎರಡಕ್ಕೆ ಆ ಬೆಂಚುಗಳ ಮೇಲೆ ಶಾಲೆಯ ಮಕ್ಕಳು ಕೂರಬೇಕು. ಬೆಳಿಗ್ಗೆ ನೋಡಿದರೆ ಚಕ್ರಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು, ಒಂದೊಂದು ನಟ್ಟೂ ಕೆಂಪಗಿತ್ತು.

"ಹೇಗಿದೆ?" ಅಂದರು ಮಾವ.

"ಚೆನ್ನಾಗಿದೆ," ಎಂದು ಅವಳು ಟೈರಿನ ಗಾಳಿ ನೋಡಿದಳು, ಸ್ಪ್ಯಾನರ್ ಹಾಕಿ ನಟ್ಟಿನ ಬಿಗಿ ನೋಡಿದಳು, ಬೆಂಚು ಪೇರಿಸತೊಡಗಿದಳು.

"ಮುಂದೆ ಭಾರ ಜಾಸ್ತಿ ಆಯ್ತಲ್ಲಮ್ಮ."

"ಸ್ವಲ್ಪ ಮುಂದೇನೇ ಇರ್ಬೇಕು ಮಾವ. ಹಿಂದೆ ಭಾರ ಆದ್ರೆ ಓಡೋವಾಗ ಟ್ರೇಲರ್ ಬಾಲ ಆಡ್ಸುತ್ತೆ." ಇದನ್ನು ಅವಳು ಹೇಳುತ್ತಿದ್ದದ್ದು ಆರನೇ ಸಲ. ಮಾವ ಆರನೇ ಸಲವೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಟ್ರೇಲರ್ ಕಟ್ಟಿಕೊಂಡು ಜೀಪು ಹೊರಟು ಅರ್ಧ ಗಂಟೆ ಆಗಿರಬೇಕು. ಮಾವ ಕಿಟಕಿಯಿಂದ ತಲೆ ಹೊರಹಾಕಿ ಟ್ರೇಲರಿನ ಚಕ್ರ ನೋಡಿ ನಕ್ಕರು. "ಎಲ್ಲರೂ ಹೊರಗಡೆ ಮಾತ್ರ ಹೊಡೀತಾರೆ. ನಾನು ಚಕ್ರ ಬಿಚ್ಚಿ, ಹಿಂದಗಡೆನೂ ಎರಡು ಕೋಟ್ ಹೊಡ್ದಿದೀನಿ."

ಅವಳು ತಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಮೆಲ್ಲಗೆ ವೇಗ ಇಳಿಸಿ ರಸ್ತೆಯ ಪಕ್ಕ ನಿಲ್ಲಿಸಿದಳು. ಸ್ಪ್ಯಾನರ್ ಹಾಕಿದರೆ ಮೊದಲ ನಟ್ಟು ಅರ್ಧ ಸುತ್ತು ತಿರುಗಿತು. ಎರಡನೆಯದೂ ತಿರುಗಿತು. ಮೂರನೆಯದಕ್ಕೆ ಸ್ಪ್ಯಾನರೇ ಬೇಕಾಗಲಿಲ್ಲ, ಬೆರಳಿಗೇ ಬಂತು.

"ಮಾವ, ಚಕ್ರ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿ ಕೂರ್ಬೇಕು. ನಡುವೆ ಬಣ್ಣ ಇದ್ರೆ ಅದು ಜಜ್ಜಿಹೋಗುತ್ತೆ, ನಟ್ಟು ಸಡಿಲ ಆಗುತ್ತೆ. ಇನ್ನು ಸ್ವಲ್ಪ ದೂರ ಹೋಗಿದ್ರೆ ಈ ಚಕ್ರ ಕಳಚಿ ಯಾರ ಮೇಲೆ ಹೋಗ್ತಿತ್ತೋ."

ಸಿಟ್ಟಿನಲ್ಲಿ ಅವಳ ದನಿ ಏರಿತ್ತು. ಮಾವನ ಮುಖ ಇಷ್ಟೇ ಇಷ್ಟಾಯಿತು. ಅದನ್ನು ನೋಡಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು, ಬೈಯುವ ಸುಖವನ್ನೂ ಈ ಮುದುಕ ಕಿತ್ತುಕೊಂಡರಲ್ಲ ಅಂತ.

ಒಂದು ಕಡೆಯ ಚಕ್ರಕ್ಕೆ ಕಲ್ಲು ಕೊಟ್ಟು, ಇನ್ನೊಂದು ಕಡೆ ಜಾಕ್ ಏರಿಸಿ ಬಿಚ್ಚಿದಳು. ಕೆರೆಯಲು ಉಳಿ ತೆಗೆಯುವಷ್ಟರಲ್ಲಿ ಮಾವ ಅದನ್ನು ಅವಳ ಕೈಯಿಂದ ತೆಗೆದುಕೊಂಡರು. ಬಿಸಿಲಲ್ಲಿ ಕೂತು, ತಮ್ಮದೇ ಬಣ್ಣವನ್ನು ತಾವೇ ಕೆರೆದರು. ಎರಡು ಚಕ್ರಕ್ಕೆ ಒಂದೂಕಾಲು ಗಂಟೆ ಹಿಡಿಯಿತು. ಅವಳು ಚಕ್ರ ಮತ್ತೆ ಕೂರಿಸಿ, ಎದುರುಬದುರು ನಟ್ಟುಗಳನ್ನು ಸರದಿಯಲ್ಲಿ ಬಿಗಿ ಮಾಡಿದಳು.

"ಚೀಲದಲ್ಲಿ ಬಣ್ಣ ಇರ್ಬೇಕಲ್ಲ?" ಅಂದಳು ಆಮೇಲೆ. ಇಲ್ಲದೆ ಇರುತ್ತದೆಯೇ? ಬಿಳಿ ಬಣ್ಣದ ಡಬ್ಬಿ, ಸಣ್ಣ ಬ್ರಷ್ಷು ಎರಡೂ ಇದ್ದವು.

"ಒಂದೊಂದು ನಟ್ಟಿನಿಂದ ಚಕ್ರದ ಮೇಲಕ್ಕೆ ಒಂದು ಗೆರೆ ಎಳೀರಿ. ನಟ್ಟು ಕದಲಿದ್ರೆ ಗೆರೆ ಮುರಿಯುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ."

ಮಾವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಹತ್ತು ಗೆರೆ ಎಳೆದರು. "ಸೊಟ್ಟಗಾಯ್ತು," ಅಂದರು.

"ಸೊಟ್ಟಗಿರ್ಲಿ. ನಟ್ಟಿಗೂ ಚಕ್ರಕ್ಕೂ ಕೂಡಿದ್ರೆ ಸಾಕು."

ಅಲ್ಲಿಂದ ಮಾವನ ವರಾತ ಶುರುವಾಯಿತು. ಮೂರು ಕಿಲೋಮೀಟರಿಗೆ "ನಿಲ್ಸಮ್ಮ." ಮತ್ತೆ ನಾಲ್ಕಕ್ಕೆ "ನಿಲ್ಸಮ್ಮ." ಅವಳು ಹಲ್ಲು ಕಚ್ಚಿ ನಿಲ್ಲಿಸಿದಳು. ಗಂಟೆ ಒಂದೂ ಮುಕ್ಕಾಲು, ಶಾಲೆಯ ಗೇಟು ಕಾಣುತ್ತಿದೆ, ಆಗಲೂ "ನಿಲ್ಸಮ್ಮ."

"ಮಾವ, ಗೇಟು ಅಲ್ಲೇ ಇದೆ."

"ನನ್ನ ಗೆರೆ. ನಾನು ನೋಡ್ಬೇಕು."

ಇಳಿದರು. ಮೊದಲೆಲ್ಲ ಬೋರ್ಡು ಬರೆದು ಮುಗಿಸಿ ರಸ್ತೆಯಾಚೆ ನಿಂತು ನೋಡುತ್ತಿದ್ದ ಹಾಗೇ ಕೈ ಕಟ್ಟಿ ದೂರ ನಿಂತು ನೋಡಿದರು.

"ಒಂದೂ ಕದಲಿಲ್ಲ."

ಹೊತ್ತಾಗುತ್ತಿತ್ತು, ಸಿಟ್ಟು ಇನ್ನೂ ಆರಿರಲಿಲ್ಲ. ಆದರೂ ಅವಳು ಎಂಜಿನ್ ಆರಿಸಿ, ಇಳಿದು ಹೋಗಿ, ಅವರ ಪಕ್ಕ ನಿಂತು ನೋಡಿದಳು.