ಹಿನ್ನೀರಿನ ಗೆರೆ

ನಾನು ಒಂದು ದಿಕ್ಸೂಚಿ. ರೂರ್ಕಿಯ ಚಿಕ್ಕ ಕಾರ್ಖಾನೆಯೊಂದರಲ್ಲಿ ಹಿತ್ತಾಳೆಯ ಡಬ್ಬಿಯೊಳಗೆ ಮುಳ್ಳನ್ನು ಕೂರಿಸಿ, ಮೇಲೆ ಗಾಜು ಬಿಗಿದರು. ಅಂದಿನಿಂದ ಉತ್ತರ ತೋರಿಸುವುದಷ್ಟೇ ನನ್ನ ಕೆಲಸ. ಅದರಲ್ಲಿ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ.

ಹೊಳೆದಂಡೆಯ ಕಾಲೇಜೊಂದು ನನ್ನನ್ನು ಕೊಂಡಿತು. ಇಪ್ಪತ್ತು ವರ್ಷ ಭೂಗೋಳ ವಿಭಾಗದಲ್ಲಿದ್ದೆ. ವಿದ್ಯಾರ್ಥಿಗಳು ಕಡಿಮೆಯಾಗಿ ವಿಭಾಗ ಮುಚ್ಚಿದಾಗ, ಇನಾಮದಾರ ಮಾಸ್ತರರು ಕೊನೆಯ ತಂಡದ ನೀಲಗಂಗಾಳ ಕೈಗೆ ನನ್ನನ್ನು ಕೊಟ್ಟರು.

"ಇದು ಗುಜರಿಗೆ ಹೋಗೂದು ಬ್ಯಾಡವ್ವಾ, ನಿನ್ನ ಹಂತ್ಯಾಕ ಇರಲಿ."

ಅವಳು ಎರಡು ವರ್ಷ ಅರ್ಜಿ ಹಾಕಿದಳು. ಭೂಮಾಪನಕ್ಕೆ, ಹವಾಮಾನ ಕಚೇರಿಗೆ, ಶಾಲೆಗಳಿಗೆ. ಕೊನೆಗೆ ನಕಾಶೆಗಳನ್ನು ಕಂಪ್ಯೂಟರಿಗೆ ಏರಿಸುವ ಹುಬ್ಬಳ್ಳಿಯ ಸಂಸ್ಥೆಯೊಂದು ಕರೆಯಿತು. ಅವಳ ಮೇಜಿನ ಮೇಲೆ ಕಾಗದ ಹಾರದಂತೆ ನಾನು ಕುಳಿತೆ.

ಒಂದು ದಿನ ಅಣೆಕಟ್ಟಿನ ಕೆಲಸ ಬಂತು. ಕಟ್ಟೆ ಎತ್ತರಿಸಿದರೆ ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ಗೆರೆ ಎಳೆಯಬೇಕಿತ್ತು. ನಾಲ್ಕನೆಯ ಹಾಳೆಯಲ್ಲಿ ನೀಲಗಂಗಾಳ ಊರಿತ್ತು. ಗೆರೆ ಅವ್ವನ ಮನೆಯನ್ನು ಒಳಗೆ ಹಾಕಿಕೊಂಡಿತು. ಅಳಿಸಿ ಮತ್ತೆ ಎಳೆದಳು. ಅಲ್ಲಿಗೇ ಬಂತು.

ಪಕ್ಕದ ಮೇಜಿನ ಫಕ್ಕೀರೇಶ ಇಣುಕಿದ. "ಅಕ್ಕಾರ, ಒಂದೀಟು ಸರಿಸಿಬಿಡ್ರಿ. ಯಾರು ನೋಡ್ತಾರ?"

"ಗೆರಿ ಸರಿಸಬಹುದು ತಮ್ಮಾ. ನೀರು ಸರೀತೈತೇನು? ಮನಿ ಗೆರಿ ಹೊರಗ ಬಿದ್ರ ನಮ್ಮವ್ವಗ ಪರಿಹಾರ ಕೊಟ್ಟು ಎಬ್ಬಸಾಕ ಯಾರೂ ಬರಂಗಿಲ್ಲ. ನೀರಷ್ಟ ಬರತೈತಿ."

ಹಾಳೆಯನ್ನು ಹಾಗೆಯೇ ಕಳಿಸಿದಳು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಳು, ಉಣ್ಣಲಿಲ್ಲ.

ಭಾನುವಾರ ಊರಿಗೆ ಹೋದಳು. ನಾನು ಅವಳ ಚೀಲದಲ್ಲಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ನಮ್ಮ ಮನಿ ಮುಳುಗತೈತಿ. ಆ ಗೆರಿ ನಾನ ಹೊಡದೀನಿ."

ಅವ್ವನ ಕೈ ನಿಲ್ಲಲಿಲ್ಲ. "ಸರಿಯಾಗಿ ಹೊಡದಿಯೇನು?"

"ಹೂಂ."

"ಹಂಗಾರ ಯಾವಾಗ ಬಿಡಬೇಕು ಹೇಳು."

ಮೂರು ವರ್ಷಕ್ಕೆ ಊರು ಖಾಲಿಯಾಯಿತು. ನೀರು ಬಂದು, ಅವಳು ಎಳೆದ ಗೆರೆಯ ಮೇಲೆಯೇ ನಿಂತಿತು. ಅಷ್ಟರಲ್ಲಿ ಪುನರ್ವಸತಿ ಊರಿನ ಹೈಸ್ಕೂಲಿನಲ್ಲಿ ಅವಳಿಗೆ ಶಿಕ್ಷಕಿಯ ಕೆಲಸ ಸಿಕ್ಕಿತ್ತು.

ನಾನೀಗ ಅವಳ ತರಗತಿಯ ಕಪಾಟಿನಲ್ಲಿದ್ದೇನೆ. ಮುಳ್ಳು ಸಿಕ್ಕಿಕೊಂಡಿದೆ, ಅಲ್ಲಾಡದು. ಯಾವುದು ಉತ್ತರ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಏನೂ ಅನ್ನಿಸುವುದಿಲ್ಲ.

ನಿನ್ನೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. "ಟೀಚರ್, ಭೂಗೋಳ ಓದಿದ್ರ ಏನೇನ ಕೆಲಸ ಸಿಗತಾವ್ರಿ?"

ನೀಲಗಂಗಾ ಹಲಗೆಯ ಮೇಲೆ ಬರೆಯತೊಡಗಿದಳು. ಭೂಮಾಪನ, ಹವಾಮಾನ, ನಗರ ಯೋಜನೆ, ನಕಾಶೆ, ಶಿಕ್ಷಣ. ಮಕ್ಕಳು ಬರೆದುಕೊಂಡರು.

ಕಪಾಟಿನಿಂದ ನೋಡಿದರೆ ಕಿಟಕಿಯಾಚೆ ಹಿನ್ನೀರು ಕಾಣುತ್ತದೆ. ಅವಳು ಆ ಕಿಟಕಿಗೆ ಬೆನ್ನು ಮಾಡಿ ನಿಂತೇ ಪಾಠ ಹೇಳುತ್ತಾಳೆ.