ಒಂಬತ್ತೂವರೆಯ ಕರೆ

ಒಂಬತ್ತೂವರೆಯ ಕರೆಯನ್ನು ನಿಲ್ಲಿಸಿದವಳು ನಾನೇ. ಇದನ್ನು ಬೇರೆಯವರ ತಲೆಗೆ ಕಟ್ಟುವ ಆಸೆ ನನಗಿಲ್ಲ.

ಔಷಧಿ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡುವ ಏಳು ಜನರ ತಂಡ ನಮ್ಮದು. ಮುಖ್ಯಸ್ಥೆ ನಾನು. ಆಫೀಸಿದ್ದಾಗ ಬೆಳಿಗ್ಗೆ ನಿಂತುಕೊಂಡೇ ಹದಿನೈದು ನಿಮಿಷ ಮಾತಾಡಿ ಮುಗಿಸುತ್ತಿದ್ದೆವು. ನಿನ್ನೆ ಏನಾಯಿತು, ಇವತ್ತು ಏನು, ಅಡ್ಡಿ ಏನಾದರೂ ಇದೆಯೇ, ಅಷ್ಟೇ. ಎಲ್ಲರೂ ಮನೆಯಿಂದಲೇ ಕೆಲಸ ಮಾಡತೊಡಗಿದ ಮೇಲೆ ಅದೇ ಆನ್‌ಲೈನ್ ಕರೆಯಾಯಿತು. ಕಾಲು ನೋಯುವುದಿಲ್ಲವಲ್ಲ, ಹದಿನೈದು ನಿಮಿಷ ನಲವತ್ತಾಯಿತು. ಕಾರಣ ಮೇಷ್ಟ್ರು.

ಮೇಷ್ಟ್ರು ನಮ್ಮ ಟೆಸ್ಟರ್. ನಾವು ಬರೆದದ್ದರಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಹಿಂದೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದುದರಿಂದ ಆ ಹೆಸರು. ಕರೆಯಲ್ಲಿ ತಮ್ಮ ಸರದಿ ಮುಗಿಸಿ ಸುಮ್ಮನಿರುತ್ತಿರಲಿಲ್ಲ. ತಂಡದಲ್ಲಿ ಸಾಫ್ಟ್‌ವೇರಿನ ಚಿತ್ರ ಬರೆಯುವ ಹುಡುಗಿ ಒಮ್ಮೆ ಮೈಕ್ ತೆರೆದಿಟ್ಟು ನಿದ್ದೆಹೋಗಿ ‘ಗೊರಕೆ’ ಎಂದು ಹೆಸರು ಗಳಿಸಿದ್ದಳು. ಅವಳನ್ನು, "ಗೊರಕೆ, ನಿನ್ನ ಬೆಕ್ಕು ಮರಿ ಹಾಕ್ತೇನಮ್ಮಾ?" ಎಂದು ಕೇಳುವರು. ಇನ್ನೊಬ್ಬನ ಮಗುವಿಗೆ ಹಲ್ಲು ಬಂತೇ ಎಂದು ವಿಚಾರಿಸುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಹೆಂಡತಿ ಹಾಸಿಗೆ ಹಿಡಿದಿದ್ದಾರೆ ಎಂದು ಗೊತ್ತಿತ್ತು. ಹೇಗಿದ್ದಾರೆ ಎಂದು ಕೇಳಲು ಒಂದು ದಿನವೂ ಬಾಯಿ ಬಿಡಲಿಲ್ಲ.

ಒಂದು ಸೋಮವಾರ ಕರೆ ರದ್ದು ಮಾಡಿದೆ. ಇನ್ನು ಮೇಲೆ ದಿನಾ ಮೂರೇ ಸಾಲು ಬರೆದು ಕಳಿಸಬೇಕು: ನಿನ್ನೆ, ಇವತ್ತು, ಅಡ್ಡಿ. ಏನಾದರೂ ಬದಲಾಗಬೇಕಿದ್ದರೆ ತಂಡದ ಆನ್‌ಲೈನ್ ಬೋರ್ಡಿನಲ್ಲಿ ಒಂದು ಕಾರ್ಡ್, ಅಂದರೆ ಕೋರಿಕೆಯ ಚೀಟಿ ಹಾಕಿ, ಕಾರಣ ಬರೆಯಬೇಕು. ಒಂದೇ ತಿಂಗಳಲ್ಲಿ ಕೆಲಸ ಎಷ್ಟು ಚುರುಕಾಯಿತೆಂದರೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂರನೇ ವಾರ ಮೇಷ್ಟ್ರು ಕಾರ್ಡ್ ಹಾಕಿದ್ದರು. ‘ಬೆಳಗಿನ ಕರೆ ಮತ್ತೆ ಶುರು ಮಾಡಬಹುದೇ? ವಾರಕ್ಕೆ ಎರಡು ದಿನವಾದರೂ ಸಾಕು. ಕಾರಣ: ಮನೆಯಲ್ಲಿ ಒಬ್ಬರಿಗೆ ಖುಷಿಯಾಗುತ್ತದೆ.’

ಓದಿ ನಗು ಬಂತು. ‘ಕೆಲಸಕ್ಕೆ ಸಂಬಂಧವಿಲ್ಲ’ ಎಂದು ಬರೆದು ಕಾರ್ಡ್ ಮುಚ್ಚಿದೆ. ಯಾರಿಗೆ ಖುಷಿ, ಯಾಕೆ ಖುಷಿ ಎಂದು ಕೇಳಲಿಲ್ಲ. ಅವರೂ ಮತ್ತೆ ಆ ಮಾತೆತ್ತಲಿಲ್ಲ. ದಿನಾ ಒಂಬತ್ತೂವರೆಗೆ ಸರಿಯಾಗಿ ಅವರ ಮೂರು ಸಾಲು ಬರುತ್ತಿತ್ತು. ಮೂರನೆಯದು ಯಾವಾಗಲೂ ‘ಅಡ್ಡಿ: ಇಲ್ಲ.’

ಎರಡು ತಿಂಗಳ ಮೇಲೆ ಒಂದು ಗುರುವಾರ ಹೀಗೆ ಬಂತು: ‘ನಿನ್ನೆ: ಬಿಲ್ ಪುಟದ ಪರೀಕ್ಷೆ ಮುಗಿಯಿತು. ಇವತ್ತು: ರಜೆ ಬೇಕು, ಬೆಳಗಿನ ಜಾವ ಹೆಂಡತಿ ತೀರಿಕೊಂಡಳು. ಅಡ್ಡಿ: ಇಲ್ಲ, ಉಳಿದ ಕೆಲಸ ಗೊರಕೆಗೆ ಒಪ್ಪಿಸಿದ್ದೇನೆ.’

ಆ ಹೊತ್ತಿನಲ್ಲಿ ಕೂತು ಮೂರು ಸಾಲು ತುಂಬಿಸಿದ್ದಾರಲ್ಲಪ್ಪಾ! ತುಂಬಿಸುವ ಹಾಗೆ ಮಾಡಿಟ್ಟವಳು ನಾನು.

ಹತ್ತು ದಿನ ಬಿಟ್ಟು ಫೋನ್ ಮಾಡಿದೆ. ಏನು ಹೇಳಬೇಕೋ ತೋಚದೆ, ಆ ಕಾರ್ಡಿನ ವಿಷಯ ಕೇಳಿದೆ.

"ಅಯ್ಯೋ, ಅದಾ? ಬಿಡಮ್ಮಾ," ಎಂದರು. ಆಮೇಲೆ ತಾವೇ ಹೇಳಿದರು. "ಅವಳಿಗೆ ಎದ್ದು ಕೂರೋಕೂ ಆಗ್ತಿರ್ಲಿಲ್ಲ. ಬಂದು ಹೋಗೋರೂ ಇರ್ಲಿಲ್ಲ. ಮಂಚದ ಹತ್ರ ಒಂದು ಸ್ಪೀಕರ್ ಇಟ್ಟಿದ್ದೆ. ಒಂಬತ್ತೂವರೆ ಆಗೋಷ್ಟರಲ್ಲಿ ತಲೆ ಬಾಚಿಸ್ಕೊಂಡು ರೆಡಿ ಆಗಿರೋಳು, ನೀವೆಲ್ಲ ಮನೆಗೇ ಬರ್ತೀರೇನೋ ಅನ್ನೋ ಹಾಗೆ. ದನಿ ಕೇಳಿದ್ರೆ ಸಾಕು, ಯಾರು ಅಂತ ಹೇಳೋಳು. ಬೆಕ್ಕಿನ ವಿಷಯ, ಮಗು ಹಲ್ಲಿನ ವಿಷಯ, ನಾನೆಲ್ಲಿ ಕೇಳ್ತಿದ್ದೆ? ಪಕ್ಕದಿಂದ ಅವಳು ತಿವಿಯೋಳು, ಕೇಳ್ರೀ, ಕೇಳ್ರೀ ಅಂತ."

"ನನ್ನ ಬಗ್ಗೆ?"

ಮೇಷ್ಟ್ರು ನಕ್ಕರು. "ನಿನಗೆ ಸಿಡುಕಿ ಅಂತ ಹೆಸರಿಟ್ಟಿದ್ಲು. ಸಿಡುಕಿ ಇವತ್ತು ಯಾರನ್ನ ಬೈತಾಳೋ ನೋಡೋಣ ಅಂತ ಕಾಯೋಳು. ನೀನಂದ್ರೆ ಬಹಳ ಇಷ್ಟ."

ನನಗೆ ಅಳು ತಡೆಯಲಾಗಲಿಲ್ಲ. "ಕರೆ ನಿಂತ ಮೇಲೆ?"

"ಒಂದು ವಾರ ತಲೆ ಬಾಚಿಸ್ಕೊಂಡ್ಲು. ಇವತ್ತೂ ಇಲ್ವಾ ಅಂತ ಕೇಳೋಳು. ಆಮೇಲೆ ಕೇಳೋದು ಬಿಟ್ಲು."

"ಹೇಳಬಾರದಿತ್ತಾ ಮೇಷ್ಟ್ರೇ?"

"ಕೆಲಸದ ಅಡ್ಡಿ ಅಲ್ವಲ್ಲಮ್ಮಾ."

ಮೂಗು ಒರೆಸಿಕೊಂಡು ಹೇಳಿದೆ. "ನಾಳೆಯಿಂದ ಕರೆ ಶುರು ಮಾಡ್ತೀನಿ. ದಿನಾ. ಎಷ್ಟು ಹೊತ್ತಾದರೂ ಆಗಲಿ."

"ಬೇಡ ತಾಯಿ," ಎಂದರು ಮೆಲ್ಲಗೆ. "ಈಗ ಶುರು ಮಾಡಬೇಡ. ನಿಮ್ಮ ದನಿ ಕೇಳಿದ ಕೂಡಲೇ ನಾನು ಮಂಚದ ಕಡೆ ತಿರುಗ್ತೀನಿ. ಬರೆದೇ ಕಳಿಸ್ತೀನಿ."

ಮರುದಿನ ಒಂಬತ್ತೂವರೆಗೆ ಸರಿಯಾಗಿ ಅವರ ಮೂರು ಸಾಲು ಬಂತು. ಮೂರನೆಯದನ್ನು ಓದಲು ನನ್ನಿಂದ ಆಗಲಿಲ್ಲ.