ಹರಿದ ಕಿವಿಯ ಸನ್ನೆ

ಮೊದಲೇ ಫೋನ್ ಮಾಡಿದ್ದು ತಪ್ಪಾಯಿತೆಂದು ಕವಿತಳಿಗೆ ಹೊಳೆದದ್ದು ಕೆಂಪರಾಜನ ಮನೆ ಮುಂದೆ ಸ್ಕೂಟರ್ ನಿಲ್ಲಿಸಿದಾಗ. ಅಂಗಳ ಆಗತಾನೇ ತೊಳೆದು ಒದ್ದೆಯಾಗಿತ್ತು. ಮಟಮಟ ಮಧ್ಯಾಹ್ನ ಯಾರೂ ಅಂಗಳ ತೊಳೆಯುವುದಿಲ್ಲ.

ಅವಳು ಪಂಚಾಯಿತಿಯಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ. ಯಾರ ಮನೆಗೆ ಹೋಗುವುದಿದ್ದರೂ ಮೊದಲು ಫೋನ್ ಮಾಡಿ, ಪಿಂಚಣಿ ವೆರಿಫಿಕೇಷನ್‌ಗೆ ಬರ್ತೀನಿ, ಮನೇಲಿರಿ ಎಂದು ಹೇಳುವುದು ರೂಢಿ. ಹೇಳದಿದ್ದರೆ ಜನ ತೋಟಕ್ಕೋ ವಿಜಯಪುರದ ಗೂಡಿನ ಮಾರುಕಟ್ಟೆಗೋ ಹೋಗಿರುತ್ತಾರೆ, ಅವಳ ಪೋಲಿಯೊ ಕಾಲಿಗೆ ಇನ್ನೊಂದು ಸುತ್ತು ದಂಡ. ಇವತ್ತೂ ಬೆಳಗ್ಗೆ, ಮಗನ ಡಬ್ಬಿಗೆ ಚಿತ್ರಾನ್ನ ತುಂಬುತ್ತಲೇ, ಯೋಚನೆಯಿಲ್ಲದೆ ನಂಬರ್ ಒತ್ತಿಬಿಟ್ಟಿದ್ದಳು.

ಇವತ್ತಿನದು ಆ ಥರದ ಭೇಟಿಯಾಗಿರಲಿಲ್ಲ. ಎದುರು ಮನೆಯ ನರಸಮ್ಮ ಹಿಂದಿನ ದಿನ ಡೇರಿಯ ಹತ್ತಿರ ಹಾಲಿನ ಕ್ಯಾನು ಕೆಳಗಿಟ್ಟು, ಸುತ್ತ ನೋಡಿ, ಅವಳನ್ನು ಪಕ್ಕಕ್ಕೆ ಕರೆದಿದ್ದಳು. ಕೆಂಪರಾಜನ ಅಕ್ಕ ಅಂಜಿನಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಮನೆಯ ಹಿಂದೆ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಶೆಡ್ಡಿದೆ. ಬೆಳಗಿನಿಂದ ಕತ್ತಲಾಗುವವರೆಗೆ ಅಲ್ಲಿನ ಬಿಸಿನೀರಿಗೆ ಕೈ ಹಾಕಿಕೊಂಡು ಕೂರುವವಳು ಅವಳೇ. ಯುಗಾದಿ ಕಳೆದ ಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ, ಒಂದೊಂದು ಸಲ ಕೂಗು ಮಾತ್ರ ಕೇಳಿಸುತ್ತದೆ. ಮಾತು ಬಾರದವರ ಕೂಗು ಬೇರೆ ಥರ ಇರುತ್ತದೆ ಎಂದಿದ್ದಳು ನರಸಮ್ಮ.

“ನನ್ ಹೆಸ್ರು ಮಾತ್ರ ಎತ್ಬೇಡ ಕಣವ್ವ. ನಾನೊಬ್ಳೇ ಇರೋಳು. ಒಂದು ಹಸ, ಒಂದು ಹುಲ್ಲಿನ ಮೆದೆ. ಒಂದು ಕಡ್ಡಿ ಗೀಚಿದ್ರೆ ಮುಗೀತು ನನ್ ಬಾಳು.”

ಎತ್ತುವುದಿಲ್ಲ ಎಂದು ಕವಿತ ಮಾತು ಕೊಟ್ಟಳು. ಅವಳು ಈ ಪಂಚಾಯಿತಿಗೆ ಹೊಸಬಳು, ಅಂಜಿನಮ್ಮನನ್ನು ನೋಡಿರಲಿಲ್ಲ. ಅಂಗವಿಕಲರ ಕಾರ್ಡಿನಲ್ಲಿದ್ದ ಫೋಟೊ ಯಾವ ಕಾಲದ್ದೋ, ಕಣ್ಣು ಮೂಗು ಅಳಿಸಿಹೋಗಿದ್ದವು. ಅದಕ್ಕೇ ನರಸಮ್ಮ ಒಂದು ಗುರುತು ಹೇಳಿದಳು. ಅಂಜಿನಮ್ಮ ಶಾಲೆಯ ಸನ್ನೆ ಕಲಿತವಳಲ್ಲ. ಊರಿನ ಒಬ್ಬೊಬ್ಬರಿಗೂ ತಾನೇ ಒಂದೊಂದು ಸನ್ನೆ ಕಟ್ಟಿಕೊಂಡಿದ್ದಳು. ಓಲೆಯ ಭಾರಕ್ಕೆ ಕಿವಿ ಹರಿದಿದ್ದ ನರಸಮ್ಮನ ಹೆಸರು, ಕಿವಿಯ ತುದಿ ಹಿಡಿದು ಕೆಳಗೆ ಎಳೆಯುವುದು.

ಕೆಂಪರಾಜ್ ನಗುತ್ತಲೇ ಬಂದು ಜಗಲಿಯ ಮೇಲೆ ಕುರ್ಚಿ ಹಾಕಿದ. ಅವನ ಹೆಂಡತಿ ಬಿಂದುಶ್ರೀ ಕಾಫಿ ತಂದಳು, ಗಂಡನಿಗೆ ಸ್ಟೀಲ್ ಲೋಟದಲ್ಲಿ, ಕವಿತಳಿಗೆ ಪೇಪರ್ ಲೋಟದಲ್ಲಿ. ಕವಿತ ಅದನ್ನು ಗಮನಿಸದವಳ ಹಾಗೆ ತೆಗೆದುಕೊಂಡಳು. ಆಮೇಲೆ ಒಳಗಿನಿಂದ ಒಬ್ಬ ಹೆಂಗಸನ್ನು ಕರೆತಂದು ಕೂರಿಸಿದರು. ಮಡಿಕೆ ಮಾಸದ ಸೀರೆ, ಕೆನ್ನೆಗೆ ಅರಿಶಿನ, ಮುಡಿಗೆ ಕನಕಾಂಬರ.

“ನೋಡಿ ಮೇಡಂ, ನಮ್ಮಕ್ಕ. ರಾಣಿ ಥರ ಇಟ್ಕೊಂಡಿದೀವಿ. ಕೆಲ್ಸ ಅಂದ್ರೆ ಟೀವಿ ನೋಡೋದು. ಸೌಂಡ್ ಬೇಕಾಗಿಲ್ವಲ್ಲ, ನಮ್ಗೂ ನೆಮ್ದಿ,” ಎಂದ ಕೆಂಪರಾಜ್. ಬಿಂದುಶ್ರೀ ಸೆರಗು ಬಾಯಿಗೆ ಹಿಡಿದು ನಕ್ಕಳು.

ಹೆಂಗಸು ಕೈ ಮುಗಿದಳು. ಮೆತ್ತಗಿನ ಕೈ, ಹೊಸ ಬಳೆ. ಕವಿತಳ ಎದೆ ಒಂದು ಗಳಿಗೆ ಹಗುರವಾಯಿತು. ಬೇಲಿ ಜಗಳಕ್ಕೆ ಒಬ್ಬರ ಮೇಲೊಬ್ಬರು ದೂರು ಹೇಳುವುದು ಹೊಸದೇನಲ್ಲ. ನರಸಮ್ಮ ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಫೋಟೊ ತೆಗೆದು, ಮಗ ಸ್ಕೂಲಿನಿಂದ ಬರುವಷ್ಟರಲ್ಲಿ ಮನೆ ಸೇರಬಹುದಿತ್ತು.

ಕೆಂಪರಾಜ್ ಯಾವುದೋ ಫೋನ್ ಬಂದು ಗೇಟಿನ ಕಡೆ ಹೋದ. ಅವನ ಬೆನ್ನು ನೋಡಿಕೊಂಡು ಕವಿತ ತನ್ನ ಕಿವಿಯ ತುದಿ ಹಿಡಿದು ಮೆಲ್ಲಗೆ ಕೆಳಗೆಳೆದಳು.

ಹೆಂಗಸು ನಕ್ಕಳು. ಕತ್ತು ವಾಲಿಸಿ, ತನ್ನ ಕಿವಿಯ ಝುಮಕಿಯನ್ನು ಬೆರಳಲ್ಲಿ ಎತ್ತಿ ತೋರಿಸಿದಳು.

ಕವಿತ ಲೋಟವನ್ನು ಕೆಳಗಿಟ್ಟಳು. ನರಸಮ್ಮನ ಸನ್ನೆಯೇ ಗೊತ್ತಿಲ್ಲದ ಇವಳು ಅಂಜಿನಮ್ಮ ಅಲ್ಲ. ತಿರುಗಿ ನೋಡಿದರೆ ಕೆಂಪರಾಜ್ ಗೇಟಿನ ಹತ್ತಿರ ಇತ್ತ ಮುಖ ಮಾಡಿ ನಿಂತಿದ್ದ. ಫೋನ್ ಕಿವಿಯಲ್ಲೇ ಇತ್ತು, ಮಾತು ನಿಂತಿತ್ತು.

“ಆ ಸನ್ನೆ ಯಾರ್ ಹೇಳ್ಕೊಟ್ರು ಮೇಡಂ?” ಎಂದು ಕೇಳಿದ. ದನಿ ಏರಲಿಲ್ಲ.

ಕಿವಿ ಕೇಳಿಸುತ್ತದಾ ಎಂದು ವಿಚಾರಿಸುವುದು, ಟ್ರೈನಿಂಗಿನಲ್ಲಿ ಕಲಿಸಿದ್ದು ಎಂದಳು ಕವಿತ. ಅವನು ಹೂಂಗುಟ್ಟಿದ. ಆಮೇಲೆ ರಸ್ತೆಯಾಚೆಯ ನರಸಮ್ಮನ ಮನೆಯನ್ನು, ಹಸುವನ್ನು, ಮೆದೆಯನ್ನು ನಿಧಾನವಾಗಿ ನೋಡಿದ. ನೋಡಿ ಮುಗಿಸಿ ಗೇಟು ಎಳೆದು ಅಗುಳಿ ಹಾಕಿದ.

ಈಗ ಎದ್ದು ಹೊರಟರೆ ಇವರು ಬಿಡುತ್ತಾರೆ. ಆದರೆ ಅವಳು ಮತ್ತೆ ಬರುವಷ್ಟರಲ್ಲಿ ಅಂಜಿನಮ್ಮ ಈ ಊರಿನಲ್ಲೇ ಇರುವುದಿಲ್ಲ. ಕವಿತ ಮೊಬೈಲ್ ತೆಗೆದು, ಆ್ಯಪ್ ಓಪನ್ ಆಗುತ್ತಿಲ್ಲ, ಸರ್ವರ್ ಸ್ಲೋ ಎಂದಳು. ಆ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಅದೇ ನೆಪದಲ್ಲಿ ತಾಲ್ಲೂಕಿನ ಮೇಲ್ವಿಚಾರಕ ಶ್ರೀಧರ್‌ಗೆ, ಬೇರೆ ಹೆಂಗಸನ್ನು ತೋರಿಸುತ್ತಿದ್ದಾರೆ, ಪೊಲೀಸರನ್ನು ಕರೆದುಕೊಂಡು ಬನ್ನಿ ಎಂದು ಮೆಸೇಜ್ ಕಳಿಸಿದಳು. ಅದರ ಪಕ್ಕ ಒಂದೇ ಟಿಕ್ ಬಿತ್ತು. ನೆಟ್‌ವರ್ಕ್ ಬರುತ್ತಾ ಹೋಗುತ್ತಾ ಇತ್ತು.

ಊರುಗೋಲು ಹಿಡಿದು ಎದ್ದು ಬಾತ್‌ರೂಮಿಗೆ ಹೋಗಬೇಕೆಂದಾಗ ಬಿಂದುಶ್ರೀ ಜೊತೆಗೇ ಬಂದಳು. ಹಿತ್ತಲಿನ ಶೆಡ್ಡಿನಲ್ಲಿ ಒಲೆ ಉರಿಯುತ್ತಿತ್ತು, ಬೆಂದ ಹುಳುವಿನ ನಾತ ಗಂಟಲಿಗೆ ಹತ್ತಿತು. ಬಿಸಿನೀರಿನಲ್ಲಿ ಗೂಡುಗಳು ತೇಲುತ್ತಿದ್ದವು. ಮುಂದಿನ ಮಣೆ ಖಾಲಿ, ಆದರೆ ಅದರ ಸುತ್ತ ನೆಲ ಇನ್ನೂ ಒದ್ದೆ. ಪಕ್ಕದಲ್ಲಿ ತಗಡಿನ ಬಾಗಿಲು, ಅದಕ್ಕೆ ಬೀಗ.

“ಗೂಡಿಡೋ ರೂಮು. ಇಲಿ ಕಾಟ ಅಂತ ಬೀಗ,” ಎಂದಳು ಬಿಂದುಶ್ರೀ, ಕೇಳದಿದ್ದರೂ.

ಹೆಸರು ಹಿಡಿದು ಕರೆದರೆ ಒಳಗಿನವಳಿಗೆ ಕೇಳಿಸದು. ಕವಿತ ಊರುಗೋಲೆತ್ತಿ ತಗಡಿಗೆ ಬಲವಾಗಿ ಬಾರಿಸಿದಳು. ಬಾಗಿಲು ಗಡಗಡ ಅದುರಿತು. ಏನು ಮಾಡ್ತಿದೀರ ಎಂದು ಬಿಂದುಶ್ರೀ ತೋಳು ಹಿಡಿದಳು. ಕವಿತ ಇನ್ನೊಮ್ಮೆ ಬಾರಿಸಿದಳು.

ಒಳಗಿನಿಂದ, ನೆಲದ ಹತ್ತಿರದಿಂದ, ದಬ್ ದಬ್ ಎಂದು ಉತ್ತರ ಬಂತು.

“ಇಲಿ,” ಎಂದಳು ಬಿಂದುಶ್ರೀ. ಅವಳ ತುಟಿ ಬೆಳ್ಳಗಾಗಿತ್ತು.

ಕವಿತ ಬಾಗಿಲಿಗೆ ಬೆನ್ನು ಕೊಟ್ಟು ಅಲ್ಲೇ ಕೂತಳು. ಕೆಂಪರಾಜ್ ಬಂದು, ಹೆಂಡತಿಯನ್ನು ಒಳಕ್ಕೆ ಕಳಿಸಿ, ಅವಳ ಎದುರು ಕುಕ್ಕರುಗಾಲಲ್ಲಿ ಕೂತ.

“ಮೇಡಂ, ನಿಮ್ಗೂ ಮಗ ಅವ್ನೆ. ಸ್ಕೂಟರಲ್ಲಿ ಒಬ್ರೇ ಓಡಾಡ್ತೀರ. ನಮ್ ರೋಡಲ್ಲಿ ಟಿಪ್ಪರ್‌ಗಳು ಹೆಂಗ್ ಬರ್ತವೆ ಅಂತ ನಿಮ್ಗೆ ಗೊತ್ತು. ಎದ್ದು ಮನೆಗೆ ಹೋಗಿ.”

ಅವನು ಮಗನ ಹೆಸರು ಹೇಳಲಿಲ್ಲ. ಹೇಳಿಬಿಡುತ್ತಾನೇನೋ ಎಂದು ಅವಳು ಕಾಯುತ್ತಿದ್ದಳು. ಬಾಯಿ ಬಿಟ್ಟರೆ ಅಳು ಬರುತ್ತಿತ್ತು, ಅದಕ್ಕೆ ಮೊಣಕೈಯಿಂದ ಹಿಂದಿನ ತಗಡನ್ನು ಗುದ್ದಿದಳು. ಉತ್ತರ ಅವಳ ಬೆನ್ನಿಗೇ ತಾಗಿತು. ಕೈಯಲ್ಲಿದ್ದ ಮೊಬೈಲ್ ಅದುರಿತು. ಹೊರಟಿದ್ದೀವಿ, ಅಲ್ಲೇ ಇರಿ ಎಂದು ಶ್ರೀಧರ್ ಬರೆದಿದ್ದರು.

“ಪೊಲೀಸರ ಜೊತೆ ಬರ್ತಾವ್ರಂತೆ,” ಎಂದಳು. ತನ್ನ ದನಿಯೇ ತನಗೆ ಹೊಸದಾಗಿತ್ತು.

ಕೆಂಪರಾಜ್ ಅವಳನ್ನು ಮುಟ್ಟಲಿಲ್ಲ. ಎದ್ದು, ಉಗಿದು, ಮುಂಬಾಗಿಲ ಕಡೆ ಹೋದ. ಗೇಟಿನ ಅಗುಳಿ ತೆಗೆದ ಸದ್ದು ಕೇಳಿಸಿತು. ಯಾವ ಕಡೆ ಹೋದನೆಂದು ಕೂತಲ್ಲಿಂದ ಕಾಣಿಸುತ್ತಿರಲಿಲ್ಲ. ರಸ್ತೆಯಾಚೆಯ ಮನೆಯಲ್ಲಿ ನರಸಮ್ಮ ಒಬ್ಬಳೇ ಇದ್ದಳು. ಎದ್ದು ಹೋಗಿ ಅವಳನ್ನು ಎಚ್ಚರಿಸಿದರೆ ಇಲ್ಲಿ ಬೀಗ ತೆಗೆದು ಅಂಜಿನಮ್ಮನನ್ನು ಸಾಗಿಸುತ್ತಾರೆ. ಕವಿತ ಏಳಲಿಲ್ಲ. ಮೂಗರಳಿಸಿ ಹೊಗೆಯ ವಾಸನೆ ಹಿಡಿಯಲು ನೋಡಿದಳು. ಶೆಡ್ಡಿನ ಒಲೆಯ ಹೊಗೆ ಸುತ್ತೆಲ್ಲ ತುಂಬಿತ್ತು. ಇದು ಯಾವ ಹೊಗೆಯೆಂದು ಹೇಳುವುದು ಹೇಗೆ? ಕೂತಷ್ಟು ಹೊತ್ತೂ ತಗಡು ಗುದ್ದುತ್ತಿದ್ದಳು, ಒಳಗಿನಿಂದಲೂ ಗುದ್ದು ಬರುತ್ತಿತ್ತು.

ಜೀಪು ಬಂತು. ಪೊಲೀಸರು ಬೀಗ ಒಡೆದರು. ಬೆಳಕಿಗೆ ಕಣ್ಣು ಮುಚ್ಚಿಕೊಂಡು ಒಬ್ಬಳು ತೆವಳಿ ಬಂದಳು, ಕೂದಲನ್ನು ಕತ್ತರಿಯಲ್ಲಿ ಹೇಗೆಂದರೆ ಹಾಗೆ ಕತ್ತರಿಸಿದ್ದರು. ಬೆರಳುಗಳು ಊದಿ ಬೆಳ್ಳಗಾಗಿ ಚರ್ಮ ಸುಲಿದಿತ್ತು. ಮಹಿಳಾ ಪೇದೆ ತೋಳು ಹಿಡಿದು ನಿಲ್ಲಿಸಿದಳು. ನಿಂತವಳು ನೀರು ಕೇಳಲಿಲ್ಲ. ಎಲ್ಲರ ಮುಖ ಒಂದೊಂದಾಗಿ ನೋಡಿ, ಸುಲಿದ ಬೆರಳಿನಿಂದ ಕಿವಿಯ ತುದಿ ಹಿಡಿದು ಕೆಳಗೆಳೆದಳು. ಎಲ್ಲಿ ನರಸಮ್ಮ?

ಜೀಪಿನವರು ದಾರಿಯಲ್ಲೇ ಹಿಡಿದು ಹಿತ್ತಲಿಗೆ ಕರೆತಂದಿದ್ದ ಕೆಂಪರಾಜನೂ ಪೇದೆಯ ಪಕ್ಕ ನಿಂತು ಅದನ್ನು ನೋಡಿದ.

ಮೆದೆ ಹಾಗೇ ಇತ್ತು. ಹಸುವನ್ನು ಯಾರೂ ನೆರಳಿಗೆ ಕಟ್ಟಿರಲಿಲ್ಲ, ಬಿಸಿಲಲ್ಲಿ ಏದುಸಿರು ಬಿಡುತ್ತಿತ್ತು. ಕವಿತ ಕುಂಟುತ್ತ ರಸ್ತೆ ದಾಟಿ ಬಾಗಿಲು ಬಡಿದಳು. ನರಸಮ್ಮ, ನಾನು ಎಂದು ಕರೆದಳು. ಒಳಗೆ ಕಿವಿ ಕೇಳುವವಳೇ ಇದ್ದಳು. ಬಾಗಿಲು ತೆರೆಯಲಿಲ್ಲ.

ಅಂಜಿನಮ್ಮ ಪೇದೆಯನ್ನು ಎಳೆದುಕೊಂಡೇ ಹಿಂದೆ ಬಂದಳು. ಬಗ್ಗಿ, ಬಾಗಿಲ ಕೆಳಭಾಗಕ್ಕೆ ಅಂಗೈಯಿಂದ ಬಡಿದಳು, ದಬ್ ದಬ್.

ಚಿಲಕ ಸರಿಯಿತು. ಕೈ ತೂರುವಷ್ಟೇ ಸಂದಿ ಬಿಟ್ಟಿತು. ಒಳಗಿನಿಂದ ಮುದಿ ಕೈಯೊಂದು ಬಂದು ಆ ಬೆರಳುಗಳನ್ನು ಹಿಡಿಯಿತು, ಹಿಡಿದ ಕೂಡಲೇ ನೋಯುತ್ತದೆಂದು ತಿಳಿದು ಬಿಟ್ಟು, ಮಣಿಕಟ್ಟು ಹಿಡಿಯಿತು. ಮುಖ ಹೊರಗೆ ಬರಲಿಲ್ಲ.

ಕವಿತ ತಿರುಗಿ ನೋಡಿದಳು. ಬಿಂದುಶ್ರೀ ಗೇಟಿಗೆ ಒರಗಿ ನಿಂತಿದ್ದಳು. ಕಿವಿಯಲ್ಲಿ ಫೋನ್. ಕಣ್ಣು ನರಸಮ್ಮನ ಬಾಗಿಲಿನ ಮೇಲೇ ನೆಟ್ಟಿತ್ತು, ಕಾಣುತ್ತಿದ್ದುದನ್ನು ಯಾರಿಗೋ ಮೆಲ್ಲಗೆ ಹೇಳುತ್ತಿದ್ದಳು.